ಹೆಸರಿಲ್ಲದ ಖತಾವಣಿ: ಬ್ಲಾಕ್ ಎಕ್ಸ್‌ಪ್ಲೋರರ್ ಓದಲು ಕಲಿಯೋಣ

ದೀಪಾವಳಿ ಮುಗಿದು ಹತ್ತಿ ಗಾಡಿಗಳು ರಾಯಚೂರಿನ ಗಂಜ್‌ಗೆ ಸಾಲುಗಟ್ಟಿ ಬರುತ್ತಿದ್ದ ದಿನಗಳು. ರಾತ್ರಿ ಒಂಬತ್ತರ ಹೊತ್ತಿಗೆ ಅಣ್ಣನ ಮಗ ನಮ್ಮ ಮನೆಗೆ ಬಂದ. ಬಂದವನು ಕೂರಲೂ ಇಲ್ಲ. ಮೊಬೈಲ್ ನನ್ನ ಮುಖಕ್ಕೆ ಹಿಡಿದು, "ಕಾಕಾ, ಇಲ್ಲಿ ಸಕ್ಸಸ್ ಅಂತ ಬಂದೈತಿ ನೋಡ್ರಿ. ಹಸಿರು ಟಿಕ್ ಸುದ್ದಾ ಐತಿ. ಮತ್ತ ರೊಕ್ಕ ಯಾಕ ವಾಪಸ್ ಬರವಲ್ತು?" ಎಂದ.

ಟೆಲಿಗ್ರಾಂನಲ್ಲಿ ಪರಿಚಯವಾದ ಯಾರೋ ಟ್ರೇಡಿಂಗ್ ಮಾಡಿಸುತ್ತೇವೆ ಎಂದಿದ್ದರಂತೆ. ಮೊದಲು ಎರಡು ಸಾವಿರ ಹಾಕಿಸಿ ಎರಡು ಸಾವಿರದ ನಾನೂರು ವಾಪಸ್ ಕೊಟ್ಟಿದ್ದರು. ನಂಬಿಕೆ ಬಂತು. ಆಮೇಲೆ ಇವನು ಒಂದು ಆ್ಯಪ್‌ನಲ್ಲಿ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಒಂದು ಕ್ರಿಪ್ಟೊ ನಾಣ್ಯ) ಕೊಂಡು, ಅವರು ಕೊಟ್ಟ ಅಡ್ರೆಸ್‌ಗೆ, ಅಂದರೆ ಕ್ರಿಪ್ಟೊದ ಖಾತೆ ನಂಬರ್‌ನಂಥದ್ದಕ್ಕೆ, 1,640 ಕಳಿಸಿದ್ದ. ಆವತ್ತಿನ ಲೆಕ್ಕಕ್ಕೆ ಸುಮಾರು ಒಂದೂವರೆ ಲಕ್ಷ ರೂಪಾಯಿ. ಈಗ ಅವರು, ಲಾಭ ತೆಗೆಯಬೇಕಾದರೆ ಮೊದಲು ಟ್ಯಾಕ್ಸ್ ಕಟ್ಟು ಅಂತಿದ್ದಾರೆ.

ಅವನು ತೋರಿಸಿದ್ದು ಬ್ಲಾಕ್ ಎಕ್ಸ್‌ಪ್ಲೋರರ್‌ನ, ಅಂದರೆ ಕ್ರಿಪ್ಟೊ ವ್ಯವಹಾರಗಳನ್ನು ಯಾರು ಬೇಕಾದರೂ ನೋಡಬಹುದಾದ ವೆಬ್‌ಸೈಟ್‌ನ, ಒಂದು ಪುಟ. ಆ ಪುಟ ಸುಳ್ಳು ಹೇಳುತ್ತಿರಲಿಲ್ಲ. ಸಕ್ಸಸ್ ಅಂದರೆ ಹಣ ಈ ಅಡ್ರೆಸ್‌ನಿಂದ ಆ ಅಡ್ರೆಸ್‌ಗೆ ಹೋಗಿ ಮುಟ್ಟಿತು, ದಾಖಲೆಯಾಯಿತು, ಅಷ್ಟೇ. ಯಾರಿಗೆ ಮುಟ್ಟಿತು, ಅವರು ಒಳ್ಳೆಯವರೋ ಕೆಟ್ಟವರೋ, ವಾಪಸ್ ಬರುತ್ತೋ ಇಲ್ವೋ, ಇದ್ಯಾವುದೂ ಆ ಮಾತಿನಲ್ಲಿಲ್ಲ. ಅವನು ಅದನ್ನು ರಸೀದಿ ಅಂದುಕೊಂಡಿದ್ದ. ನಮ್ಮ ಕಡೆ ಈಗ ಸಿಂಧನೂರು, ಗಂಗಾವತಿ, ಸಿರುಗುಪ್ಪ ಎನ್ನದೆ ಹುಡುಗರ ಬಾಯಲ್ಲಿ ಯುಎಸ್‌ಡಿಟಿ ಮಾತು ಬಂದಿದೆ. ಆದರೆ ಅದರ ಲೆಕ್ಕದ ಪುಸ್ತಕ ಓದುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಅದಕ್ಕೇ ಈ ಲೇಖನ.

ಕಿರ್ದಿ ಮತ್ತು ಖತಾವಣಿ

ನಮ್ಮ ಅಪ್ಪ ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಅವರ ಮುಂದೆ ಯಾವಾಗಲೂ ಎರಡು ಪುಸ್ತಕ. ಒಂದು ಕಿರ್ದಿ. ದಿನದ ವ್ಯವಹಾರ ನಡೆದ ಕ್ರಮದಲ್ಲೇ ಒಂದರ ಕೆಳಗೊಂದು ಅದರಲ್ಲಿ ಬೀಳುತ್ತಿತ್ತು. ಆದರೆ ಮಾನ್ವಿ ಕಡೆಯ ರೈತರೊಬ್ಬರು ಬಂದು "ನನ್ನ ಲೆಕ್ಕ ಎಷ್ಟೈತ್ರಿ?" ಎಂದರೆ, ಕಿರ್ದಿ ತಿರುವುತ್ತಾ ಕೂತರೆ ಸಂಜೆಯಾಗುತ್ತೆ. ಅದಕ್ಕೆ ಎರಡನೇ ಪುಸ್ತಕ, ಖತಾವಣಿ. ಕಿರ್ದಿಯಲ್ಲಿದ್ದದ್ದನ್ನೇ ಹೆಸರು ಹೆಸರಿಗೆ ಬೇರೆ ಮಾಡಿ ಬರೆದದ್ದು. ಆ ರೈತರ ಪುಟ ತೆಗೆದರೆ ಅವರ ಬಂದದ್ದು, ಹೋದದ್ದು, ಬಾಕಿ ಎಲ್ಲ ಒಂದೇ ಕಡೆ.

ಕ್ರಿಪ್ಟೊ ವ್ಯವಹಾರಗಳೆಲ್ಲ ದಾಖಲಾಗುವ ಬ್ಲಾಕ್‌ಚೈನ್ ಅನ್ನುವುದು ಕಿರ್ದಿ. ಒಂದೊಂದು ಬ್ಲಾಕ್ ಅದರ ಒಂದೊಂದು ಪುಟ. ಬಿಟ್‌ಕಾಯಿನ್‌ನಲ್ಲಿ ಸುಮಾರು 10 ನಿಮಿಷಕ್ಕೊಂದು ಪುಟ, ಈಥಿರಿಯಂನಲ್ಲಿ 12 ಸೆಕೆಂಡಿಗೊಂದು, ಟ್ರಾನ್‌ನಲ್ಲಿ 3 ಸೆಕೆಂಡಿಗೊಂದು. ಪ್ರತಿ ಪುಟದ ಮೇಲೂ ಹಿಂದಿನ ಪುಟದ ಹೆಬ್ಬೆಟ್ಟಿನ ಗುರುತಿನಂಥದ್ದೊಂದು ಇರುತ್ತೆ. ಹಳೇ ಪುಟದಲ್ಲಿ ಒಂದು ಸೊನ್ನೆ ತಿದ್ದಿದರೂ ಆ ಗುರುತು ಕೂಡುವುದಿಲ್ಲ, ಮುಂದಿನ ಪುಟಗಳೆಲ್ಲ ತಪ್ಪುತ್ತವೆ. ಇದರ ಪ್ರತಿ ಜಗತ್ತಿನ ತುಂಬಾ ಸಾವಿರಾರು ಕಂಪ್ಯೂಟರ್‌ಗಳಲ್ಲಿದೆ. ಬಿಟ್‌ಕಾಯಿನ್‌ನ ಮೊದಲ ಪುಟ ಬಿದ್ದದ್ದು 2009ರ ಜನವರಿ 3ರಂದು. ಇವತ್ತೂ ನೀವು ಅದನ್ನು ತೆಗೆದು ನೋಡಬಹುದು, ಅದರಲ್ಲಿ ಹುಟ್ಟಿದ 50 ಬಿಟ್‌ಕಾಯಿನ್ ಹಾಗೇ ಕಾಣುತ್ತವೆ.

ಬ್ಲಾಕ್ ಎಕ್ಸ್‌ಪ್ಲೋರರ್ ಆ ಕಿರ್ದಿಯ ಖತಾವಣಿ. ಒಂದು ವೆಬ್‌ಸೈಟ್, ಅಷ್ಟೇ. ಅದು ಕಿರ್ದಿಯನ್ನು ಪೂರ್ತಿ ಓದಿ, ಅಡ್ರೆಸ್ ಪ್ರಕಾರ ಜೋಡಿಸಿ, ಹುಡುಕಲು ಬರುವ ಹಾಗೆ ಇಡುತ್ತೆ. ಲಾಗಿನ್ ಬೇಡ, ದುಡ್ಡು ಬೇಡ. ಈಥಿರಿಯಂಗೆ ಈಥರ್‌ಸ್ಕ್ಯಾನ್, ಟ್ರಾನ್‌ಗೆ ಟ್ರಾನ್‌ಸ್ಕ್ಯಾನ್, ಬಿಟ್‌ಕಾಯಿನ್‌ಗೆ ಮೆಂಪೂಲ್ ಡಾಟ್ ಸ್ಪೇಸ್ ಹೀಗೆ ಒಂದೊಂದು ಚೈನ್‌ಗೆ ಬೇರೆ ಬೇರೆ. ಒಂದರ ವ್ಯವಹಾರ ಇನ್ನೊಂದರಲ್ಲಿ ಸಿಗುವುದಿಲ್ಲ. ಪಿನ್‌ಕೋಡ್ 584ರಿಂದ ಶುರುವಾದರೆ ರಾಯಚೂರು ಕಡೆಯದು ಎಂದು ಗೊತ್ತಾಗುತ್ತಲ್ಲ, ಅಡ್ರೆಸ್‌ಗೂ ಹಾಗೆ ಗುರುತಿದೆ. ಇಂಗ್ಲಿಷಿನ 'ಟಿ' ಅಕ್ಷರದಿಂದ ಶುರುವಾಗಿ 34 ಅಕ್ಷರ ಇದ್ದರೆ ಟ್ರಾನ್. ಸೊನ್ನೆ ಮತ್ತು 'ಎಕ್ಸ್'ನಿಂದ ಶುರುವಾಗಿ ಒಟ್ಟು 42 ಇದ್ದರೆ ಈಥಿರಿಯಂ ಅಥವಾ ಅದರ ಜಾತಿಯ ಇನ್ನೊಂದು ಚೈನ್.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಖತಾವಣಿ ಬರೆಯುವವರು ಒಂದು ಕಂಪನಿಯವರು. ಅಡ್ರೆಸ್ ಪಕ್ಕ ಕೆಲವೊಮ್ಮೆ ಇಂಥ ಎಕ್ಸ್‌ಚೇಂಜ್ (ಕ್ರಿಪ್ಟೊ ಕೊಳ್ಳುವ, ಮಾರುವ ಕಂಪನಿ), ಇಂಥ ಮೋಸ ಎಂಬ ಚೀಟಿ ಕಾಣುತ್ತೆ. ಅದು ಕಿರ್ದಿಯಲ್ಲಿ ಇರುವುದಲ್ಲ, ಆ ಕಂಪನಿಯವರು ಅಂಟಿಸಿದ್ದು. ಬಹಳ ಉಪಯೋಗ ಬೀಳುತ್ತೆ, ನಿಜ. ಆದರೆ ಚೀಟಿ ಇಲ್ಲ ಅಂದ ಮಾತ್ರಕ್ಕೆ ಆ ಅಡ್ರೆಸ್ ಶುದ್ಧ ಎಂದು ತಿಳಿಯಬಾರದು.

ಆ ಪುಟದಲ್ಲಿ ಏನಿತ್ತು

ಅಣ್ಣನ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಅದೇ ಪುಟವನ್ನು ಮೇಲಿನಿಂದ ಓದಿದೆವು.

ಮೊದಲ ಸಾಲು ಹ್ಯಾಶ್. 64 ಅಕ್ಷರ, ಅಂಕಿಗಳ ಉದ್ದನೆಯ ಸಾಲು. ಈ ಒಂದು ವ್ಯವಹಾರದ ನಂಬರ್ ಅದು, ಇನ್ನೊಂದಕ್ಕೆ ಇರುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದರೆ ಸಾಲದು, ಇದನ್ನು ಕಾಪಿ ಮಾಡಿ ಇಟ್ಟುಕೊಳ್ಳಬೇಕು. ಪೊಲೀಸರಿಗೆ ದೂರು ಕೊಡುವಾಗ, ತೆರಿಗೆ ಲೆಕ್ಕ ತೋರಿಸುವಾಗ, ಎಲ್ಲದಕ್ಕೂ ಬೇಕಾಗುವುದು ಇದೇ.

ಆಮೇಲೆ ಬ್ಲಾಕ್ ನಂಬರ್, ಅಂದರೆ ಕಿರ್ದಿಯ ಎಷ್ಟನೇ ಪುಟ ಎಂದು. ಅದರ ಹತ್ತಿರ ಕನ್ಫರ್ಮೇಶನ್ ಲೆಕ್ಕ. ನಿಮ್ಮ ಪುಟದ ಮೇಲೆ ಎಷ್ಟು ಹೊಸ ಪುಟ ಕೂತಿವೆ ಎಂಬುದು ಅದು. ಜಾಸ್ತಿ ಕೂತಷ್ಟೂ ಕೆಳಗಿನದು ಅಲುಗಾಡುವುದಿಲ್ಲ. ಬಿಟ್‌ಕಾಯಿನ್‌ನಲ್ಲಿ ಆರು ಪುಟ ಕೂತರೆ ಗಟ್ಟಿಯಾಯಿತು ಎನ್ನುವುದು ರೂಢಿ, ಸುಮಾರು ಒಂದು ಗಂಟೆ. ಟ್ರಾನ್‌ನಲ್ಲಿ 19 ಪುಟ ಬೇಕು, ಅದು ಒಂದು ನಿಮಿಷದೊಳಗೇ ಮುಗಿಯುತ್ತೆ. ಅವನು ಕಳಿಸಿದ್ದು ತಪ್ಪಾಯಿತು ಎಂದು ಅನಿಸುವ ಮೊದಲೇ ಅದು ಗಟ್ಟಿಯಾಗಿಬಿಟ್ಟಿತ್ತು.

ಸಮಯದ ಸಾಲಿನಲ್ಲಿ 13:10 ಎಂದಿತ್ತು. "ಇದು ನಂದಲ್ಲ ಕಾಕಾ, ನಾ ಕಳಿಸಿದ್ದು ಸಂಜೀಕ ಆರೂ ನಲವತ್ತಕ್ಕ" ಎಂದ. ಎಷ್ಟೋ ಜನ ಇಲ್ಲಿ ಎಡವುತ್ತಾರೆ. ಎಕ್ಸ್‌ಪ್ಲೋರರ್‌ಗಳಲ್ಲಿ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯ ಇರುತ್ತೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ. 13:10ಕ್ಕೆ 5:30 ಸೇರಿಸಿ, 18:40.

ಇನ್ನೊಂದು ಕಡೆಯೂ ಅವನಿಗೆ ಗೊಂದಲವಾಯಿತು. 'ಫ್ರಮ್' ಎಂಬಲ್ಲಿ ಅವನ ಅಡ್ರೆಸ್ ಇರಲಿಲ್ಲ. ಅವನು ಆ್ಯಪ್‌ನಿಂದ ಕಳಿಸಿದ್ದ. ಆ್ಯಪ್‌ನವರು ಎಲ್ಲ ಗ್ರಾಹಕರ ಹಣವನ್ನೂ ತಮ್ಮ ದೊಡ್ಡ ಅಡ್ರೆಸ್‌ನಲ್ಲಿ ಕೂಡಿಟ್ಟಿರುತ್ತಾರೆ, ಅಲ್ಲಿಂದಲೇ ಹೊರಗೆ ಕಳಿಸುತ್ತಾರೆ. ಇವನ ಖಾತೆಯಲ್ಲಿ ಎಷ್ಟಿದೆ ಎಂಬುದು ಆ್ಯಪ್‌ನವರ ಸ್ವಂತ ಪುಸ್ತಕದ ವಿಷಯ, ಬ್ಲಾಕ್‌ಚೈನ್‌ಗೆ ಅದು ಗೊತ್ತೇ ಇಲ್ಲ. ಈಥಿರಿಯಂ ಪುಟಗಳಲ್ಲಿ ಇದರ ಮೇಲೆ ಮತ್ತೊಂದು ತೊಡಕಿದೆ. ಯುಎಸ್‌ಡಿಟಿಯಂಥ ಟೋಕನ್ (ಬೇರೆ ಚೈನ್ ಮೇಲೆ ಓಡುವ ನಾಣ್ಯ) ಕಳಿಸಿದಾಗ ಮೇಲಿನ 'ಟು' ಸಾಲಿನಲ್ಲಿ ಕಾಣುವುದು ಆ ಟೋಕನ್‌ನ ಕಾಂಟ್ರಾಕ್ಟ್ ಅಡ್ರೆಸ್, ಅಂದರೆ ಆ ಟೋಕನ್ ನಡೆಸುವ ಪ್ರೋಗ್ರಾಂನ ಅಡ್ರೆಸ್; ಮೊತ್ತದ ಜಾಗದಲ್ಲಿ ಸೊನ್ನೆ. ನಿಜವಾಗಿ ಯಾರಿಗೆ ಎಷ್ಟು ಹೋಯಿತು ಎಂಬುದು ಅದರ ಕೆಳಗೆ, ಟೋಕನ್ ವರ್ಗಾವಣೆಯ ಸಾಲಿನಲ್ಲಿರುತ್ತೆ. ಅದನ್ನು ನೋಡಬೇಕು.

ಇಷ್ಟಾದ ಮೇಲೆ ಹಣ ಮುಟ್ಟಿದ ಅಡ್ರೆಸ್ ಮೇಲೆ ಒತ್ತಿದೆವು. ಖತಾವಣಿಯ ಪುಟ ತೆರೆಯಿತು.

ಆ ಅಡ್ರೆಸ್ ಹುಟ್ಟಿ ಹನ್ನೊಂದು ದಿನವಾಗಿತ್ತು. ಬಾಕಿ ಸೊನ್ನೆ. ಅಷ್ಟು ದಿನದಲ್ಲಿ ಅರವತ್ತಕ್ಕೂ ಹೆಚ್ಚು ಸಲ ಹಣ ಬಂದಿತ್ತು. ಒಮ್ಮೆ 110, ಒಮ್ಮೆ 540, ಒಮ್ಮೆ 2,000. ಬಂದ ಹಣವೆಲ್ಲ ಹೋಗಿದ್ದು ಒಂದೇ ಒಂದು ಅಡ್ರೆಸ್‌ಗೆ. ನಮ್ಮ ಹುಡುಗನ 1,640 ಅಲ್ಲಿ ನಿಂತದ್ದು ಬರೀ ಹದಿನಾಲ್ಕು ನಿಮಿಷ. ಎರಡನೇ ಅಡ್ರೆಸ್ ತೆರೆದರೆ ಸಾವಿರಾರು ಸಾಲು. ಅಲ್ಲಿಂದ ದೊಡ್ಡ ದೊಡ್ಡ ಮೊತ್ತವಾಗಿ, ಎಕ್ಸ್‌ಚೇಂಜ್ ಚೀಟಿ ಇರುವ ಅಡ್ರೆಸ್‌ಗಳಿಗೆ. ಟ್ರೇಡಿಂಗ್ ಎನ್ನುವಂಥದ್ದು ಎಲ್ಲೂ ಇಲ್ಲ. ಯಾರಿಗೂ ಲಾಭ ಹಂಚಿದ ಗುರುತಿಲ್ಲ. ಅರವತ್ತು ಮನೆಗಳಿಂದ ಬಂದ ನೀರು ಒಂದೇ ಚರಂಡಿಗೆ ಹರಿದ ಹಾಗೆ.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ, "ಇದನ್ನ ಕಳಿಸೋಕಿಂತ ಮೊದ್ಲ ನೋಡಾಕ ಬರ್ತಿತ್ತೇನು ಕಾಕಾ?"

"ಬರ್ತಿತ್ತಪ್ಪ" ಎಂದೆ. ಬೇರೆ ಏನು ಹೇಳಲಿ?

ಮಸ್ಕಿಯ ಬಂಡೆ

"ಇಷ್ಟೆಲ್ಲ ಕಾಣ್ತೈತಿ, ಹೆಸರು ಯಾಕ ಕಾಣವಲ್ತು?" ಎಂಬುದು ಅವನ ಮುಂದಿನ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಒಂದು ಬಂಡೆಯ ಮೇಲಿದೆ.

ದೇಶದ ಉದ್ದಗಲಕ್ಕೂ ಸಿಕ್ಕ ಹಳೇ ಶಾಸನಗಳಲ್ಲಿ ಒಬ್ಬ ರಾಜ 'ದೇವಾನಂಪಿಯ', 'ಪಿಯದಸಿ' ಎಂದು ಕರೆದುಕೊಂಡಿದ್ದ. ಅಕ್ಷರ ಓದಲು ಬಂದಿತ್ತು, ಅವನು ಏನು ಮಾಡಿದ ಎಂಬುದೂ ಗೊತ್ತಾಗಿತ್ತು. ಯಾರು ಎಂಬುದಕ್ಕೆ ಮಾತ್ರ ಸಿಂಹಳದ ಗ್ರಂಥಗಳಿಂದ ಬಂದ ಊಹೆಯೇ ಆಧಾರ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್‌ಗೆ ಮಸ್ಕಿಯಲ್ಲಿ ಒಂದು ಶಾಸನ ಸಿಕ್ಕಿತು. ಅದರಲ್ಲಿ ದೇವಾನಂಪಿಯ ಎಂಬ ಬಿರುದಿನ ಪಕ್ಕದಲ್ಲೇ ಅಶೋಕ ಎಂಬ ಹೆಸರಿತ್ತು. ಆ ಒಂದು ಸಾಲಿನಿಂದ ಉಳಿದ ಬಂಡೆಗಳೆಲ್ಲ ಯಾರವು ಎಂಬುದು ಗಟ್ಟಿಯಾಯಿತು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೋಳದಲ್ಲೂ ಅದೇ ಹೆಸರು ಸಿಕ್ಕಿತು.

ಬ್ಲಾಕ್‌ಚೈನ್ ಅಡ್ರೆಸ್ ಆ ಬಿರುದಿನ ಹಾಗೆ. ಮಾಡಿದ್ದೆಲ್ಲ ಬಂಡೆಯ ಮೇಲಿದೆ, ಹೆಸರಿಲ್ಲ. ಆದರೆ ಎಲ್ಲೋ ಒಂದು ಕಡೆ ಹೆಸರು ಪಕ್ಕಕ್ಕೆ ಬಂದು ಕೂತಿತೋ, ಹಿಂದಿನದೆಲ್ಲ ಒಮ್ಮೆಲೇ ಆ ಮನುಷ್ಯನದಾಗುತ್ತೆ. ಬಿಟ್‌ಫಿನೆಕ್ಸ್ ಎಕ್ಸ್‌ಚೇಂಜ್‌ನಿಂದ 2016ರಲ್ಲಿ 1,19,754 ಬಿಟ್‌ಕಾಯಿನ್ ಕಳುವಾಯಿತು. ಬಹುಪಾಲು ಹಣ ವರ್ಷಗಟ್ಟಲೆ ಎಲ್ಲರ ಕಣ್ಣೆದುರೇ ಅಡ್ರೆಸ್‌ನಲ್ಲಿ ಬಿದ್ದಿತ್ತು. ಕದ್ದವರು ಸ್ವಲ್ಪ ಸ್ವಲ್ಪ ಕದಲಿಸಿ ಖರ್ಚು ಮಾಡತೊಡಗಿದಾಗ ಹೆಸರು ಸಿಕ್ಕಿತು. 2022ರ ಫೆಬ್ರವರಿಯಲ್ಲಿ ಅಮೆರಿಕದ ಅಧಿಕಾರಿಗಳು 94,000ಕ್ಕೂ ಹೆಚ್ಚು ಬಿಟ್‌ಕಾಯಿನ್ ವಶಪಡಿಸಿಕೊಂಡರು. ಐದೂವರೆ ವರ್ಷ ಕಳೆದರೂ ಕಿರ್ದಿ ಏನನ್ನೂ ಮರೆತಿರಲಿಲ್ಲ.

ಹೆಸರು ಸಿಗುವ ಜಾಗ ಸಾಮಾನ್ಯವಾಗಿ ಎಕ್ಸ್‌ಚೇಂಜ್. ಕ್ರಿಪ್ಟೊ ಕೊಟ್ಟು ರೂಪಾಯಿ ಮಾಡಿಕೊಳ್ಳಲು ಹೆಚ್ಚಾಗಿ ಅಲ್ಲಿಗೇ ಹೋಗುತ್ತಾರೆ, ಅಲ್ಲಿ ಪ್ಯಾನ್, ಆಧಾರ್ ಕೇಳುತ್ತಾರೆ. ನಮ್ಮ ದೇಶದಲ್ಲಿ 2023ರ ಮಾರ್ಚ್‌ನಿಂದ ಈ ಕಂಪನಿಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಅಡಿ ಬಂದಿವೆ. ಗ್ರಾಹಕರ ದಾಖಲೆ ಇಡಬೇಕು, ಅನುಮಾನದ ವ್ಯವಹಾರವನ್ನು ವರದಿ ಮಾಡಬೇಕು. ಆದರೆ ಆ ದಾಖಲೆ ಕೇಳುವ ಅಧಿಕಾರ ಪೊಲೀಸರದು, ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಹಣ ಎಕ್ಸ್‌ಚೇಂಜ್ ಒಳಗೆ ಹೋದ ಮೇಲೆ ನಮ್ಮ ಖತಾವಣಿಯ ದಾರಿ ಅಲ್ಲಿಗೇ ನಿಲ್ಲುತ್ತೆ.

ಅದಕ್ಕೇ ಆ ರಾತ್ರಿ ನಾವು ಮೊದಲು ಮಾಡಿದ್ದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿದೆವು, ಬೆಳಿಗ್ಗೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಹೋದೆವು. ಹ್ಯಾಶ್, ಎರಡೂ ಅಡ್ರೆಸ್, ಭಾರತದ ಸಮಯ, ಹಣ ಕೊನೆಗೆ ಸೇರಿದ ಎಕ್ಸ್‌ಚೇಂಜ್‌ನ ಹೆಸರು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟೆವು. ಯುಎಸ್‌ಡಿಟಿ ನಡೆಸುವ ಟೆದರ್ ಕಂಪನಿಗೆ ಒಂದು ಅಡ್ರೆಸ್‌ನಲ್ಲಿರುವ ಯುಎಸ್‌ಡಿಟಿಯನ್ನು ತಡೆಹಿಡಿಯುವ ಶಕ್ತಿ ಇದೆ. ತನಿಖಾ ಸಂಸ್ಥೆಗಳು ಕೇಳಿದಾಗ ಹಾಗೆ ಮಾಡಿಯೂ ಇದೆ. ಆದರೆ ಹಣ ಇನ್ನೂ ಆ ಅಡ್ರೆಸ್‌ನಲ್ಲೇ ಇರಬೇಕು. ಹದಿನಾಲ್ಕು ನಿಮಿಷದ ಆಟದಲ್ಲಿ ಒಂದೊಂದು ಗಂಟೆಯೂ ದುಬಾರಿ.

ಹಣ ಹೋದವರ ಬೆನ್ನಿಗೆ ಇನ್ನೊಂದು ಗುಂಪು ಬೀಳುತ್ತೆ. ಬ್ಲಾಕ್‌ಚೈನ್ ಹ್ಯಾಕ್ ಮಾಡಿ ವಾಪಸ್ ತರಿಸಿಕೊಡುತ್ತೇವೆ, ಮೊದಲು ಫೀಸ್ ಕೊಡಿ ಎನ್ನುತ್ತಾರೆ. ನಮ್ಮ ಹುಡುಗನಿಗೂ ಮೂರೇ ದಿನದಲ್ಲಿ ಮೆಸೇಜ್ ಬಂತು. ಗಟ್ಟಿಯಾದ ಪುಟವನ್ನು ಅಂಥ ಯಾರೂ ಹಿಂದಕ್ಕೆ ತಿರುಗಿಸಲಾರರು. ಒಂದು ರೂಪಾಯಿಯನ್ನೂ ಕೊಡಬೇಡಿ.

ಕಾಣುವುದು ಬೇರೆ, ನೋಡುವುದು ಬೇರೆ

ಎಲ್ಲ ಬಯಲಲ್ಲೇ ಇದೆಯಲ್ಲ, ಮೋಸ ಹೇಗೆ ನಡೆಯುತ್ತೆ ಎಂದು ಓದುಗರಿಗೆ ಅನಿಸಬಹುದು. 2022ರ ಮಾರ್ಚ್ 23ರಂದು ಒಂದು ಆಟಕ್ಕೆ ಸಂಬಂಧಿಸಿದ ರೋನಿನ್ ಎಂಬ ಜಾಲದಿಂದ 1,73,600 ಈಥರ್ (ಈಥಿರಿಯಂನ ನಾಣ್ಯ) ಮತ್ತು 2.55 ಕೋಟಿ ಯುಎಸ್‌ಡಿಸಿ (ಯುಎಸ್‌ಡಿಟಿಯಂಥದ್ದೇ ಇನ್ನೊಂದು ಡಾಲರ್ ನಾಣ್ಯ) ಕಳುವಾಯಿತು. 60 ಕೋಟಿ ಡಾಲರ್‌ಗೂ ಮೇಲೆ. ಎಕ್ಸ್‌ಪ್ಲೋರರ್ ತೆಗೆದ ಯಾರಿಗೇ ಆದರೂ ಕಾಣುವಂತಿತ್ತು. ಆದರೂ ಅದನ್ನು ನಡೆಸುವವರಿಗೆ ಗೊತ್ತಾದದ್ದು ಆರು ದಿನದ ನಂತರ, ಬಳಕೆದಾರರೊಬ್ಬರಿಗೆ 5,000 ಈಥರ್ ತೆಗೆಯಲು ಆಗದೇ ಹೋದಾಗ! ನಮ್ಮದೇ ದೇಶದ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರ್ ಹೋದಾಗ ಹಣ ಯಾವ ಅಡ್ರೆಸ್‌ಗೆ ಹೋಗುತ್ತಿದೆ ಎಂದು ಈಥರ್‌ಸ್ಕ್ಯಾನ್‌ನಲ್ಲಿ ಸಾಮಾನ್ಯರೂ ನೋಡಬಹುದಿತ್ತು. ನೋಡಲು ಬಂದರೂ ತಡೆಯಲು ಬರಲಿಲ್ಲ.

ಪುಸ್ತಕ ಸರಿ ಇದ್ದರೂ ಪುಸ್ತಕದ ಹೊರಗಿನದು ಸರಿ ಇರಬೇಕೆಂದೇನಿಲ್ಲ. ಬಳ್ಳಾರಿಯ ಅದಿರು ಲಾರಿಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರ್ಮಿಟ್‌ನಲ್ಲಿ ಒಂದು ತೂಕ, ಲಾರಿಯಲ್ಲಿ ಇನ್ನೊಂದು. ಯಾರೋ ಬಂಗಾರದ ಟೋಕನ್ ಎಂದು ಮಾರಿದರೆ, ಎಷ್ಟು ಟೋಕನ್ ಯಾರಿಂದ ಯಾರಿಗೆ ಹೋಯಿತು ಎಂಬುದನ್ನು ಎಕ್ಸ್‌ಪ್ಲೋರರ್ ಚಾಚೂ ತಪ್ಪದೆ ತೋರಿಸುತ್ತೆ. ಅದರ ಹಿಂದೆ ಹಟ್ಟಿಯದೋ ಇನ್ನೆಲ್ಲಿಯದೋ ಒಂದು ಗ್ರಾಂ ಬಂಗಾರವಾದರೂ ಇದೆಯಾ ಎಂಬುದನ್ನು ತೋರಿಸುವುದಿಲ್ಲ.

ಹೆಸರಿನ ವಿಷಯದಲ್ಲೂ ಹೀಗೇ. ಯುಎಸ್‌ಡಿಟಿ ಎಂಬ ಹೆಸರಿಟ್ಟು ಯಾರು ಬೇಕಾದರೂ ಒಂದು ಟೋಕನ್ ಮಾಡಬಹುದು, ಚಿತ್ರವನ್ನೂ ಹಾಕಬಹುದು. ವಾಲೆಟ್‌ನಲ್ಲಿ ಹತ್ತು ಸಾವಿರ ಬಂತು ಎಂದು ಕುಣಿಯುವ ಮೊದಲು ಅದರ ಕಾಂಟ್ರಾಕ್ಟ್ ಅಡ್ರೆಸ್ ಟೆದರ್‌ನವರು ಹೇಳಿದ್ದೇ ಹೌದಾ ಎಂದು ಹೋಲಿಸಬೇಕು. ಅಡ್ರೆಸ್ ಹೋಲಿಸುವಾಗ ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ಮಾತ್ರ ನೋಡುವ ಅಭ್ಯಾಸ ಎಲ್ಲರಿಗೂ ಇದೆ, ಕಳ್ಳರಿಗೂ ಅದು ಗೊತ್ತು. ಅದೇ ಮೊದಲು, ಅದೇ ಕೊನೆ ಇರುವ ಅಡ್ರೆಸ್ ಹುಟ್ಟಿಸಿ, ಅಲ್ಲಿಂದ ನಿಮಗೆ ಸೊನ್ನೆಯೋ ಚಿಲ್ಲರೆಯೋ ಕಳಿಸುತ್ತಾರೆ. ನಿಮ್ಮ ಹಳೇ ವ್ಯವಹಾರಗಳ ಪಟ್ಟಿಯಲ್ಲಿ ಅದು ಕೂರುತ್ತೆ. ಮುಂದಿನ ಸಲ ನೀವು ಪಟ್ಟಿಯಿಂದ ಕಾಪಿ ಮಾಡಿದರೆ ಮುಗಿಯಿತು. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೇ 1,155 ಡಬ್ಲ್ಯುಬಿಟಿಸಿ (ಬಿಟ್‌ಕಾಯಿನ್ ಬೆಲೆಗೆ ಕಟ್ಟಿದ ಟೋಕನ್), ಅಂದರೆ ಸುಮಾರು 6.8 ಕೋಟಿ ಡಾಲರ್, ಕಳ್ಳನ ಅಡ್ರೆಸ್‌ಗೆ ಕಳಿಸಿಬಿಟ್ಟರು. ಆಮೇಲೆ ಅವರ ಮಟ್ಟಿಗೆ ಹೆಚ್ಚಿನ ಭಾಗ ವಾಪಸ್ ಬಂತು. ಎಲ್ಲರಿಗೂ ಹಾಗಾಗುವುದಿಲ್ಲ.

ಎಕ್ಸ್‌ಪ್ಲೋರರ್ ಲಿಂಕನ್ನು ಬೇರೆಯವರಿಂದ ತೆಗೆದುಕೊಳ್ಳಬೇಡಿ. ನಕಲಿ ಪುಟ ಮಾಡಿ ಬೇಕಾದ ಅಂಕಿ ತೋರಿಸುವುದು ಕಷ್ಟದ ಕೆಲಸವಲ್ಲ. ವಿಳಾಸವನ್ನು ನೀವೇ ಟೈಪ್ ಮಾಡಿ, ಹ್ಯಾಶ್ ಅನ್ನು ನೀವೇ ಹಾಕಿ ನೋಡಿ.

ಈ ಖತಾವಣಿ ನಿಮ್ಮ ಮೇಲೂ ತೆರೆದಿರುತ್ತೆ ಎಂಬುದನ್ನು ಮರೆಯಬಾರದು. ಫೋನ್‌ಪೇ ಸ್ಕ್ಯಾನ್ ಮಾಡಿದಾಗ ತರಕಾರಿಯವರ ಹೆಸರು ಕಾಣುತ್ತೆ, ಅವರ ಖಾತೆಯಲ್ಲಿ ಎಷ್ಟಿದೆ ಎಂಬುದು ಕಾಣುವುದಿಲ್ಲ. ಇಲ್ಲಿ ಪೂರ್ತಿ ಉಲ್ಟಾ. ಹೆಸರು ಕಾಣುವುದಿಲ್ಲ, ಬಾಕಿ ಮತ್ತು ಹಳೇ ವ್ಯವಹಾರ ಎಲ್ಲ ಕಾಣುತ್ತೆ. ಒಬ್ಬರಿಂದ ಹಣ ಪಡೆಯಲು ನಿಮ್ಮ ಅಡ್ರೆಸ್ ಕೊಟ್ಟರೆ ಆ ಒಬ್ಬರಿಗೆ ನೀವೇ ಮಸ್ಕಿ ಶಾಸನ ಕೊಟ್ಟ ಹಾಗೆ. ಉಳಿತಾಯದ ಅಡ್ರೆಸ್ ಬೇರೆ, ಕೊಡುಕೊಳ್ಳುವ ಅಡ್ರೆಸ್ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು. ತೆರಿಗೆಯನ್ನೂ ನೆನಪಿಡಿ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಅದೇ ಜುಲೈಯಿಂದ ಮಾರಾಟದ ಮೇಲೆ ಶೇ 1 ಟಿಡಿಎಸ್ ಇದೆ. ಯಾರೋ ಟೆಲಿಗ್ರಾಂನಲ್ಲಿ ಟ್ಯಾಕ್ಸ್ ಕಟ್ಟು ಎಂದು ಕೇಳಿದರೆ ಅದು ಈ ತೆರಿಗೆ ಅಲ್ಲ. ಸರ್ಕಾರ ಟೆಲಿಗ್ರಾಂನಲ್ಲಿ ತೆರಿಗೆ ವಸೂಲಿ ಮಾಡುವುದಿಲ್ಲ.

ದೂರಿನ ತನಿಖೆ ನಡೆಯುತ್ತಿದೆ. ಹಣ ಇನ್ನೂ ಬಂದಿಲ್ಲ. ಹುಡುಗ ಆ ಪುಟವನ್ನು ಮೊಬೈಲ್‌ನಲ್ಲಿ ಉಳಿಸಿಕೊಂಡಿದ್ದಾನೆ, ಆಗಾಗ ತೆಗೆದು ನೋಡುತ್ತಾನೆ.

ಹೋದ ವಾರ ಸಿರವಾರದಿಂದ ಅವನ ಗೆಳೆಯ ಬಂದಿದ್ದ. ಅವನಿಗೂ ಯಾರೋ ಒಂದು ಅಡ್ರೆಸ್ ಕಳಿಸಿ, ಇವತ್ತು ಸಂಜೆಯೊಳಗೆ 300 ಯುಎಸ್‌ಡಿಟಿ ಹಾಕಿದರೆ ಬೋನಸ್ ಅಂದಿದ್ದರಂತೆ. ಇಬ್ಬರೂ ನಮ್ಮ ಕಟ್ಟೆ ಮೇಲೆ ಕೂತಿದ್ದರು. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ, ಹೊರಗೆ ಹೋಗಲಿಲ್ಲ. ನಮ್ಮ ಹುಡುಗ ಅಡ್ರೆಸ್ ಕಾಪಿ ಮಾಡಿ ಎಕ್ಸ್‌ಪ್ಲೋರರ್‌ನಲ್ಲಿ ಹಾಕಿದ.

"ಯಾವಾಗ ಹುಟ್ಟೈತಿ ಓದು" ಎಂದ.

"ನಾಕು ದಿನ ಆತು."

"ಬಂದದ್ದು ಎಷ್ಟು ಮಂದಿಯಿಂದ?"

ಆ ಹುಡುಗ ಬೆರಳಿಟ್ಟು ಎಣಿಸಿದ. "ಇಪ್ಪತ್ತಾರು."

"ಹೊರಗ ಹೋಗಿದ್ದು?"

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ಎಲ್ಲಾ ಒಬ್ಬಗ" ಎಂದ.